ಪುಟ ತುಂಬಿಸಿದರೆ ಜೇಬು ತುಂಬದು

ಕನ್ನಡದಲ್ಲಿ ಪುಟ್ಟದೊಂದು ವೆಬ್‌ಸೈಟ್ ನಡೆಸುವವರು ಜಾಹೀರಾತಿನ ಹಣ ಸಾಲುತ್ತಿಲ್ಲವೆಂದು ಯಾರ ಹತ್ತಿರ ಹೇಳಿಕೊಂಡರೂ ಸಿಗುವ ಸಲಹೆ ಒಂದೇ. ಸ್ಲಾಟ್ ಹೆಚ್ಚಿಸಿ. ಶೀರ್ಷಿಕೆಯ ಕೆಳಗೊಂದು, ಎರಡೆರಡು ಪ್ಯಾರಾಕ್ಕೊಂದು, ಪರದೆಯ ತಳಕ್ಕೆ ಅಂಟಿಕೊಂಡೇ ಇರುವುದೊಂದು, ಪುಟದಿಂದ ಪುಟಕ್ಕೆ ಹೋಗುವಾಗ ಇಡೀ ಪರದೆ ಮುಚ್ಚುವುದೊಂದು. ಸಿಪಿಸಿ (ಒಂದು ಕ್ಲಿಕ್ಕಿಗೆ ಸಿಗುವ ಬೆಲೆ) ಜಾಸ್ತಿ ಇರುವ ವಿಷಯ ಹಿಡಿಯಿರಿ, ಅಂದರೆ ಸಾಲ, ವಿಮೆ, ಸರ್ಕಾರದ ಯೋಜನೆ. ಒಂದು ಪುಟದಲ್ಲಿ ಮುಗಿಯುವುದನ್ನು ನಾಲ್ಕು ಪುಟಕ್ಕೆ ಎಳೆಯಿರಿ. ಯಾವ ಬಗೆಯ ಜಾಹೀರಾತನ್ನೂ ತಡೆಯಲು ಹೋಗಬೇಡಿ. ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವ ಪಾಠದಲ್ಲೂ ಇದೇ, ದುಡ್ಡು ಕೊಟ್ಟು ಸೇರುವ ಕೋರ್ಸಿನಲ್ಲೂ ಇದೇ.

ಈ ಉಪದೇಶವನ್ನು ನಾನು ಪೂರ್ತಿಯಾಗಿ ತಳ್ಳಿಹಾಕುತ್ತೇನೆ. ಇದರಿಂದ ಓದುಗರಿಗೆ ಕಿರುಕುಳವಾಗುತ್ತದೆ ಎಂಬುದು ಉಪದೇಶ ಮಾಡುವವರಿಗೂ ಗೊತ್ತು. 'ಏನು ಮಾಡುವುದು, ಹೊಟ್ಟೆಪಾಡು' ಎಂದು ಅವರು ಅದನ್ನು ದಾಟಿಕೊಳ್ಳುತ್ತಾರೆ. ಆದರೆ ಹೊಟ್ಟೆಪಾಡಿನ ಲೆಕ್ಕದಲ್ಲೇ ಇದು ತಪ್ಪು. ಸಣ್ಣ ವೆಬ್‌ಸೈಟಿನ ಗಳಿಕೆ ಏರಬೇಕಾದರೆ ಪುಟದಲ್ಲಿ ಜಾಹೀರಾತು ಕಡಿಮೆಯಾಗಬೇಕು, ಮತ್ತು ಆ ಜಾಗವನ್ನು ಯಾರಿಗೆ ಮಾರುತ್ತೇವೆ ಎಂಬುದನ್ನು ಒಡೆಯರೇ ತೀರ್ಮಾನಿಸಬೇಕು. ಹರಾಜಿನ ಯಂತ್ರಕ್ಕೆ ಎಲ್ಲವನ್ನೂ ಒಪ್ಪಿಸಿ ಸ್ಲಾಟುಗಳನ್ನು ಅತ್ತಿತ್ತ ಸರಿಸುತ್ತ ಕೂತವರು ಕನ್ನಡದಲ್ಲಿ ಉದ್ಧಾರವಾಗುವುದಿಲ್ಲ.

ಹರಾಜು ನಡೆಯುವ ಬಗೆಯನ್ನು ಮೊದಲು ನೋಡೋಣ. ಓದುಗರೊಬ್ಬರು ಪುಟ ತೆರೆದ ಕ್ಷಣದಲ್ಲಿ ಆ ಪುಟದ ಪ್ರತಿ ಸ್ಲಾಟಿಗೂ ಬಿಡ್ ಕೂಗಲಾಗುತ್ತದೆ. ಕೂಗುವುದು ಮನುಷ್ಯರಲ್ಲ, ಜಾಹೀರಾತುದಾರರ ಪರವಾಗಿ ಕೆಲಸ ಮಾಡುವ ಸಾಫ್ಟ್‌ವೇರ್. ಅದಕ್ಕೆ ನೆನಪಿದೆ. ಈ ಸೈಟಿನ ಈ ಜಾಗದಲ್ಲಿ ಹಿಂದೆ ಹಾಕಿದ ಜಾಹೀರಾತು ನಿಜವಾಗಿ ಕಣ್ಣಿಗೆ ಬಿತ್ತೇ, ಬಿದ್ದದ್ದರಿಂದ ಏನಾದರೂ ವ್ಯಾಪಾರವಾಯಿತೇ ಎಂಬ ಲೆಕ್ಕವನ್ನೆಲ್ಲ ಇಟ್ಟುಕೊಂಡೇ ಅದು ಬೆಲೆ ಕಟ್ಟುತ್ತದೆ. 'ಕಣ್ಣಿಗೆ ಬಿತ್ತು' ಎನ್ನಲು ಉದ್ಯಮದಲ್ಲಿ ಒಂದು ಅಳತೆಯೂ ಇದೆ: ಜಾಹೀರಾತಿನ ಅರ್ಧದಷ್ಟಾದರೂ ಭಾಗ ಕನಿಷ್ಠ ಒಂದು ಸೆಕೆಂಡು ಪರದೆಯ ಮೇಲೆ ಇರಬೇಕು. ಒಂದು ಲೇಖನಕ್ಕೆ ಎಂಟು ಸ್ಲಾಟ್ ಹಾಕಿದರೆ ಕೊನೆಯ ನಾಲ್ಕರ ತನಕ ಇಳಿದು ಬರುವ ಓದುಗರು ತೀರ ಕಡಿಮೆ. ಬಂದವರೂ ಹೆಬ್ಬೆರಳಿನಲ್ಲಿ ಸರ್ರನೆ ತಳ್ಳಿಕೊಂಡು ಹೋಗುತ್ತಾರೆ. ಅಲ್ಲಿಗೆ ಆ ಜಾಗಗಳ ದಾಖಲೆ ಕೆಡುತ್ತದೆ, ಮುಂದಿನ ಸಲದ ಬಿಡ್ ಇಳಿಯುತ್ತದೆ. ಒತ್ತೊತ್ತಾಗಿ ನಾಟಿ ಮಾಡಿದ ಗದ್ದೆಯಲ್ಲಿ ತೆನೆ ಜೊಳ್ಳಾಗುವ ಹಾಗೆ ಇಲ್ಲೂ ಒಂದರ ಪಾಲನ್ನು ಇನ್ನೊಂದು ತಿನ್ನುತ್ತದೆ.

ಇದು ಹೊಸ ವಿದ್ಯೆಯೇನಲ್ಲ. ಸೈಟುಗಳಿಗೆ ಜಾಹೀರಾತು ಒದಗಿಸುವ ಗೂಗಲ್ ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಮರುವರ್ಷವೇ ಕಂಪನಿ 'ಸ್ಮಾರ್ಟ್ ಪ್ರೈಸಿಂಗ್' ಎಂಬ ಪದ್ಧತಿ ತಂದಿತು. ಯಾವ ಪುಟದಿಂದ ಬಂದ ಕ್ಲಿಕ್ಕುಗಳು ಜಾಹೀರಾತುದಾರನಿಗೆ ಗಿರಾಕಿ ತಂದುಕೊಡುವ ಸಾಧ್ಯತೆ ಕಡಿಮೆಯೋ ಆ ಪುಟದ ಕ್ಲಿಕ್ಕಿಗೆ ಬೆಲೆ ತಾನಾಗಿ ಇಳಿಯುವ ವ್ಯವಸ್ಥೆ ಅದು. ಬಟನ್ ಪಕ್ಕದಲ್ಲಿ ಜಾಹೀರಾತು ಇಟ್ಟು, ಕೈ ತಪ್ಪಿ ಬಿದ್ದ ಕ್ಲಿಕ್ಕಿನಿಂದ ಕಾಸು ಮಾಡುವ ಉಪಾಯಕ್ಕೆ ಅಂದೇ ಪೆಟ್ಟು ಬಿದ್ದಿತ್ತು. ಇಂದು ಹಾಗೆ ಮಾಡಿದರೆ ಅಮಾನ್ಯ ಕ್ಲಿಕ್ಕೆಂದು ಹಣ ಕಡಿತವಾಗುತ್ತದೆ, ಜಾಹೀರಾತು ಬರುವುದಕ್ಕೇ ಮಿತಿ ಬೀಳುತ್ತದೆ, ಇಲ್ಲವೇ ಒಂದರ ಬದಲು ಎರಡು ಸಲ ಒತ್ತಿದರೆ ಮಾತ್ರ ಕ್ಲಿಕ್ ಎಂದು ಒಪ್ಪುವ ನಿರ್ಬಂಧ ಬರುತ್ತದೆ. ಸಾಲದ್ದಕ್ಕೆ 2024ರ ಆರಂಭದಿಂದ ಆಡ್‌ಸೆನ್ಸ್ ತನ್ನ ಪಾವತಿಯ ಆಧಾರವನ್ನೇ ಕ್ಲಿಕ್ಕಿನಿಂದ ಪ್ರದರ್ಶನಕ್ಕೆ ಬದಲಿಸಿತು. ಹೀಗಿದ್ದೂ ಕ್ಲಿಕ್ ಹೆಚ್ಚಿಸುವ ಕಸರತ್ತನ್ನು ಇವತ್ತಿಗೂ ಗುಟ್ಟಿನ ಮಂತ್ರವೆಂಬಂತೆ ಹಂಚಲಾಗುತ್ತಿದೆ.

ಈ ಗೀಳಿನ ಮೂಲ ಎಲ್ಲಿದೆ ಎಂದು ಹುಡುಕಿದರೆ ಸ್ವಲ್ಪ ಮಟ್ಟಿಗೆ ಗೂಗಲ್‌ನ ಬಾಗಿಲಿಗೇ ಹೋಗಿ ನಿಲ್ಲಬೇಕಾಗುತ್ತದೆ. ಪುಟದ ಯಾವ ಭಾಗದಲ್ಲಿ ಜಾಹೀರಾತಿಟ್ಟರೆ ಹೆಚ್ಚು ಫಲ ಎಂದು ಬಣ್ಣ ಬಳಿದು ತೋರಿಸುವ ನಕ್ಷೆಯನ್ನು ಆಡ್‌ಸೆನ್ಸ್ ತನ್ನ ಆರಂಭದ ವರ್ಷಗಳಲ್ಲಿ ತಾನೇ ಕೊಡುತ್ತಿತ್ತು. ಒಂದು ಪುಟಕ್ಕೆ ಮೂರೇ ಜಾಹೀರಾತು ಎಂಬ ನಿಯಮವೂ ಆಗ ಇತ್ತು. 2016ರಲ್ಲಿ ಆ ಮಿತಿಯನ್ನು ತೆಗೆದರು. ಬರಹಕ್ಕಿಂತ ಜಾಹೀರಾತು ಹೆಚ್ಚಿರಬಾರದು ಎಂಬ ಮಾತು ಉಳಿದರೂ, ಮಿತಿ ಹೋಯಿತೆಂಬ ಸುದ್ದಿಯಷ್ಟೇ ಎಲ್ಲರ ಕಿವಿಗೆ ಬಿತ್ತು. ಆಮೇಲೆ ಬಂದ 'ಆಟೋ ಆಡ್ಸ್' ಎಂಬ ಗುಂಡಿ ಒತ್ತಿದರೆ ಯಂತ್ರವೇ ಸಿಕ್ಕಸಿಕ್ಕಲ್ಲಿ ಜಾಗ ಹುಡುಕಿಕೊಳ್ಳುತ್ತದೆ. ತನ್ನ ಪುಟದಲ್ಲಿ ಏನೆಲ್ಲ ಕಾಣುತ್ತಿದೆ ಎಂಬುದು ಸೈಟಿನ ಒಡೆಯರಿಗೇ ಗೊತ್ತಿಲ್ಲದ ಸ್ಥಿತಿ ಇವತ್ತು ಸಾಮಾನ್ಯ.

ಓದುಗರು ಇದಕ್ಕೆ ಒಗ್ಗಿಕೊಂಡ ರೀತಿ ಬೇರೆ. ವೆಬ್‌ನಲ್ಲಿ ಮೊದಲ ಬ್ಯಾನರ್ ಜಾಹೀರಾತುಗಳು ಬಂದದ್ದು 1994ರ ಅಕ್ಟೋಬರ್‌ನಲ್ಲಿ, ಹಾಟ್‌ವೈರ್ಡ್ ಎಂಬ ಪತ್ರಿಕೆಯ ಪುಟದಲ್ಲಿ. ನಾಲ್ಕೇ ವರ್ಷಕ್ಕೆ, 1998ರಲ್ಲಿ, ರೈಸ್ ವಿಶ್ವವಿದ್ಯಾಲಯದ ಬೆನ್ವೇ ಮತ್ತು ಲೇನ್ ಎಂಬ ಸಂಶೋಧಕರು ಜನ ಬ್ಯಾನರ್‌ಗಳನ್ನು ಕಂಡೂ ಕಾಣದವರಾಗಿದ್ದಾರೆ ಎಂದು ದಾಖಲಿಸಿದರು. ಬೇಕಾದ ಮಾಹಿತಿ ಅದೇ ಬ್ಯಾನರಿನೊಳಗಿದ್ದರೂ ಕಣ್ಣು ಅದನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಇಪ್ಪತ್ತೇಳು ವರ್ಷಗಳಿಗೂ ಹೆಚ್ಚು ಕಾಲ ಪಳಗಿದ ಈ ಕಣ್ಣಿಗೆ ಇನ್ನೂ ಐದು ಸ್ಲಾಟ್ ಒಡ್ಡುವುದರಿಂದ ಏನು ಸಾಧಿಸುತ್ತೇವೆ? ಅದು ಇನ್ನಷ್ಟು ಪಳಗುತ್ತದೆ, ಅಷ್ಟೆ.

ಈಗ ರೂಪಾಯಿಯ ಲೆಕ್ಕ ಹಾಕೋಣ. ತಿಂಗಳಿಗೆ ನಲವತ್ತು ಸಾವಿರ ಪುಟ ಓದಿಸಿಕೊಳ್ಳುವ ಒಂದು ಕನ್ನಡ ಸೈಟನ್ನು ಕಲ್ಪಿಸಿಕೊಳ್ಳಿ. ಒಬ್ಬರೋ ಇಬ್ಬರೋ ಸೇರಿ ನಡೆಸುವ ತಾಣಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಸಾವಿರ ಪುಟಕ್ಕೆ ನಲವತ್ತು ರೂಪಾಯಿ ಸಿಗುತ್ತದೆಂದು ಮಾತಿಗೆ ಇಟ್ಟುಕೊಳ್ಳೋಣ. ತಿಂಗಳ ಗಳಿಕೆ 1,600 ರೂಪಾಯಿ. ಆಡ್‌ಸೆನ್ಸ್ ನೂರು ಡಾಲರ್ ಕೂಡುವ ತನಕ ಹಣ ಕಳಿಸುವುದಿಲ್ಲವಾದ್ದರಿಂದ ಅದು ಕೈಗೆ ಬರಲು ಐದಾರು ತಿಂಗಳು ಕಾಯಬೇಕು. ಎಲ್ಲ ಕಸರತ್ತೂ ಫಲಿಸಿ ದರ ಕಾಲುಪಾಲು ಏರಿತೆನ್ನಿ, ತಿಂಗಳಿಗೆ ಹೆಚ್ಚುವುದು ನಾನೂರು ರೂಪಾಯಿ. ಈ ನಾನೂರಕ್ಕಾಗಿ ಪುಟ ನಿಧಾನವಾಗುತ್ತದೆ, ಓದುತ್ತಿದ್ದ ಸಾಲು ಜಾಹೀರಾತು ಬಂದು ನುಗ್ಗಿದೊಡನೆ ಕೆಳಗೆ ಜಾರುತ್ತದೆ, ಓದುಗರು ಮರಳಿ ಬರುವುದು ನಿಲ್ಲುತ್ತದೆ. ಹತ್ತು ಜನರಲ್ಲಿ ಇಬ್ಬರು ಬರುವುದನ್ನು ಬಿಟ್ಟರೂ ಆ ನಾನೂರು ಕರಗಿಹೋಯಿತು. ಬಿಟ್ಟುಹೋದವರು ಮಾತ್ರ ತಿರುಗಿ ಬರಲಿಲ್ಲ.

ನನ್ನ ಎದುರಾಳಿಗಳ ಗಟ್ಟಿಯಾದ ವಾದ ಇಲ್ಲಿದೆ, ಅದನ್ನು ಮುಚ್ಚಿಡುವುದಿಲ್ಲ. ಸ್ಲಾಟ್ ಹೆಚ್ಚಿಸಿದ ವಾರ ಗಳಿಕೆ ಏರುವುದನ್ನು ಅವರು ತೋರಿಸಬಲ್ಲರು. ಅದು ನಿಜ, ಏರುತ್ತದೆ. ಹಳೆಯ ದಾಖಲೆಯ ಮೇಲೆ ಕಟ್ಟಿದ ಬೆಲೆ ಒಂದಷ್ಟು ದಿನ ಹಾಗೇ ಇರುತ್ತದೆ, ಪಳಗಿದ ಓದುಗರೂ ಒಂದಷ್ಟು ದಿನ ಸಹಿಸಿಕೊಳ್ಳುತ್ತಾರೆ. ಡ್ಯಾಷ್‌ಬೋರ್ಡಿನಲ್ಲಿ ಆ ವಾರದ ಗೆರೆ ಮೇಲಕ್ಕೆ ಹೋಗುತ್ತದೆ, ಅದರ ಚಿತ್ರ ತೆಗೆದು ಎಲ್ಲರಿಗೂ ತೋರಿಸಲಾಗುತ್ತದೆ. ಆರು ತಿಂಗಳ ನಂತರ ಬರದೇ ಹೋದ ಓದುಗರ ಲೆಕ್ಕವನ್ನು ಯಾವ ಡ್ಯಾಷ್‌ಬೋರ್ಡೂ ಅದೇ ಪುಟದಲ್ಲಿ ತೋರಿಸುವುದಿಲ್ಲ. ಆಗ ಗೂಗಲ್‌ನ ಹುಡುಕಾಟದ ನಿಯಮ ಬದಲಾಯಿತು, ಸೀಸನ್ ಸರಿಯಿಲ್ಲ, ಕನ್ನಡದವರು ಓದುವುದೇ ಇಲ್ಲ ಎಂಬ ಕಾರಣಗಳು ಹುಟ್ಟುತ್ತವೆ.

ಸ್ಲಾಟಿನ ಗೀಳಿಗಿಂತ ನನಗೆ ಹೆಚ್ಚು ನೋವು ಕೊಡುವುದು ಎರಡನೆಯ ಉಪದೇಶ, 'ಬೆಲೆ ಇರುವ ವಿಷಯ ಬರೆಯಿರಿ' ಎಂಬುದು. ಅದರ ಫಲ ಕನ್ನಡ ವೆಬ್‌ನ ಮೇಲೆ ಕಣ್ಣಿಗೆ ರಾಚುವಂತೆ ಕಾಣುತ್ತಿದೆ. ಗೃಹಲಕ್ಷ್ಮಿ ಯೋಜನೆಯನ್ನೇ ತೆಗೆದುಕೊಳ್ಳಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಅಂದಿನಿಂದ ಕನ್ನಡದಲ್ಲಿ 'ಗೃಹಲಕ್ಷ್ಮಿ ಹಣ ಯಾವಾಗ ಬರುತ್ತದೆ' ಎಂದು ಹುಡುಕಿದರೆ ಸಾಲುಗಟ್ಟಿ ಬರುವ ಪುಟಗಳನ್ನು ನೋಡಿ. ಶೀರ್ಷಿಕೆಯಲ್ಲಿ 'ಈ ಜಿಲ್ಲೆಗಳಿಗೆ ಇಂದೇ ಜಮಾ' ಎಂಬ ಭರವಸೆ ಇರುತ್ತದೆ. ಒಳಗೆ ಹೋದರೆ ಯೋಜನೆ ಎಂದರೇನು, ಯಾರು ಅರ್ಹರು ಎಂದು ಎಲ್ಲರಿಗೂ ತಿಳಿದದ್ದನ್ನೇ ಹತ್ತು ಪ್ಯಾರಾ ಎಳೆದಿರುತ್ತಾರೆ. ಪ್ರತಿ ಪ್ಯಾರಾದ ನಡುವೆ ಜಾಹೀರಾತು. ಕೊನೆಯಲ್ಲಿ 'ಸ್ಟೇಟಸ್ ನೋಡಲು ಇಲ್ಲಿ ಒತ್ತಿ' ಎಂಬ ಗುಂಡಿ, ಅದು ಒಯ್ಯುವುದು ಅಂಥದೇ ಇನ್ನೊಂದು ಪುಟಕ್ಕೆ. ಜಮಾ ಆಯಿತೇ ಇಲ್ಲವೇ ಎಂಬ ಒಂದು ಸಾಲಿನ ಉತ್ತರ ಎಲ್ಲಿಯೂ ಸಿಗುವುದಿಲ್ಲ. ರೈತರಿಗೆ ವರ್ಷಕ್ಕೆ 6,000 ರೂಪಾಯಿ ಕೊಡುವ ಕೇಂದ್ರದ ಕಿಸಾನ್ ಸಮ್ಮಾನ್ ಕಂತು, ಪಡಿತರ ಚೀಟಿಯ ತಿದ್ದುಪಡಿ, ವಿದ್ಯಾರ್ಥಿವೇತನ, ಎಲ್ಲದಕ್ಕೂ ಇದೇ ಅಚ್ಚು.

ಇಲ್ಲಿ ಮೋಸಹೋಗುತ್ತಿರುವವರು ಯಾರು? ಆ ಎರಡು ಸಾವಿರಕ್ಕೆ ಕಾಯುತ್ತಿರುವ ಹೆಂಗಸು. ಅವಳ ಡೇಟಾ ಖರ್ಚಾಯಿತು, ಅವಳ ಹೊತ್ತು ಹೋಯಿತು, ಅವಳು ಸಾಲದ ಆ್ಯಪ್ ಒಂದರ ಜಾಹೀರಾತಿನ ಮೇಲೆ ಬೆರಳಿಟ್ಟಿರಲೂ ಸಾಕು. ಇದನ್ನು 'ಕಂಟೆಂಟ್ ಸ್ಟ್ರಾಟಜಿ' ಎಂದು ಕಲಿಸುವವರ ಮೇಲೆ ನನಗೆ ಸಿಟ್ಟಿದೆ, ಅದನ್ನು ಮರೆಮಾಚುವ ಇರಾದೆ ನನಗಿಲ್ಲ. ಕನ್ನಡದಲ್ಲಿ ಮಾಹಿತಿ ಸಿಗಬೇಕೆಂದು ಎಷ್ಟೋ ಜನ ವರ್ಷಗಟ್ಟಲೆ ದುಡಿದು ಫಾಂಟು, ಕೀಬೋರ್ಡು, ನಿಘಂಟು ಕಟ್ಟಿದರು. ಆ ದಾರಿ ಹಿಡಿದು ಕನ್ನಡದಲ್ಲೇ ಹುಡುಕಲು ಬಂದ ಮೊದಲ ತಲೆಮಾರಿನ ಓದುಗರಿಗೆ ಎದುರಾಗುವುದು ಈ ಬಲೆ.

ವ್ಯಾಪಾರವಾಗಿಯೂ ಇದು ಹಳ್ಳಕ್ಕೆ ಬೀಳುವ ದಾರಿ. ಜಾಹೀರಾತು ತುಂಬಲೆಂದೇ ಹುಟ್ಟಿದ ಇಂಥ ಸೈಟುಗಳಿಗೆ ಉದ್ಯಮದಲ್ಲಿ ಪ್ರತ್ಯೇಕ ಹೆಸರೇ ಇದೆ, ಎಂಎಫ್‌ಎ (ಮೇಡ್ ಫಾರ್ ಅಡ್ವರ್ಟೈಸಿಂಗ್). ಅಮೆರಿಕದ ಜಾಹೀರಾತುದಾರರ ಸಂಘ ಎಎನ್‌ಎ 2023ರಲ್ಲಿ ತನ್ನ ಸದಸ್ಯ ಕಂಪನಿಗಳ ಖರ್ಚನ್ನು ತಪಾಸಣೆ ಮಾಡಿಸಿದಾಗ ಪ್ರದರ್ಶನಗಳಲ್ಲಿ ಶೇ. 21, ಹಣದಲ್ಲಿ ಶೇ. 15 ಈ ಬಗೆಯ ಸೈಟುಗಳ ಪಾಲಾಗಿತ್ತು. ವರದಿ ಬಂದ ಮೇಲೆ ದೊಡ್ಡ ಖರೀದಿದಾರರು ಇಂಥವನ್ನು ಪಟ್ಟಿ ಮಾಡಿ ಹೊರಗಿಡತೊಡಗಿದರು. ಇವತ್ತು ಯೋಜನೆಯ ಪುಟಗಳಿಂದ ಕಾಸು ಮಾಡುತ್ತಿರುವವರ ಪಕ್ಕದಲ್ಲಿ ಅದೇ ಅಚ್ಚಿನ ನೂರು ಸೈಟುಗಳಿವೆ. ಅವರಲ್ಲಿ ಯಾರ ಬಳಿಯೂ ಓದುಗರು ಹೆಸರು ಹಿಡಿದು ಮರಳಿ ಬರುವಂಥದ್ದು ಏನೂ ಇಲ್ಲ. ಗೂಗಲ್ ಒಂದು ಬೆಳಿಗ್ಗೆ ತನ್ನ ವಿಂಗಡಣೆ ಬದಲಿಸಿದರೆ ಆ ದಿನವೇ ಗಳಿಕೆ ಸೊನ್ನೆ.

ಯಾವ ಬಗೆಯ ಜಾಹೀರಾತನ್ನೂ ತಡೆಯಬೇಡಿ ಎಂಬ ಸಲಹೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿದೆ. ಅದಕ್ಕೆ ಮುಂಚೆ 2022ರಿಂದಲೇ ಬೆಟ್ಟಿಂಗ್ ಜಾಹೀರಾತು ಹಾಕಬೇಡಿ ಎಂದು ಕೇಂದ್ರ ಸರ್ಕಾರ ಮಾಧ್ಯಮಗಳಿಗೆ ಸೂಚನೆ ಕೊಡುತ್ತ ಬಂದಿತ್ತು. ಮಕ್ಕಳ ಕತೆಯ ಕೆಳಗೆ, ಆರೋಗ್ಯದ ಲೇಖನದ ಪಕ್ಕದಲ್ಲಿ ಬೊಜ್ಜು ಕರಗಿಸುವ ಕಷಾಯ, ದಿಢೀರ್ ಸಾಲ ಕಾಣಿಸಿಕೊಂಡರೆ ಓದುಗರು ಅದನ್ನು ಯಂತ್ರದ ಕೆಲಸವೆಂದು ಬಗೆಯುವುದಿಲ್ಲ, ಸೈಟು ನಡೆಸುವವರ ಮಾತೆಂದೇ ತಿಳಿಯುತ್ತಾರೆ. ಅವರು ಹಾಗೆ ತಿಳಿಯುವುದು ಸರಿಯೂ ಹೌದು. ಆಡ್‌ಸೆನ್ಸ್ ಖಾತೆಯಲ್ಲಿ ಬಗೆಬಗೆಯ ಜಾಹೀರಾತನ್ನು ತಡೆಯುವ ಪಟ್ಟಿ ಇದೆ. ಅದನ್ನು ತೆರೆದು ನೋಡದಿರುವುದು ಒಡೆಯರದೇ ಆಯ್ಕೆ.

ಇನ್ನು ಈ ಹರಾಜಿನಲ್ಲಿ ಹಣ ಎಲ್ಲಿ ಸೋರುತ್ತದೆ ಎಂಬುದು. ಆಡ್‌ಸೆನ್ಸ್ ತನ್ನ ಪಾಲು ಕಳೆದು ಸೈಟಿಗೆ ಶೇ. 68 ಕೊಡುವುದಾಗಿ 2010ರಲ್ಲಿ ಮೊದಲ ಬಾರಿಗೆ ಬಹಿರಂಗಪಡಿಸಿತು. ಈಗಿನ ಪದ್ಧತಿಯಲ್ಲೂ, ಜಾಹೀರಾತುದಾರ ಗೂಗಲ್ ಆಡ್ಸ್ ಮೂಲಕ ಕೊಂಡಾಗ, ಎಲ್ಲ ಕಳೆದು ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ಆದರೆ ಮಧ್ಯವರ್ತಿಗಳ ಸರಪಳಿ ಉದ್ದವಾದಂತೆ ಚಿತ್ರ ಬದಲಾಗುತ್ತದೆ. ಬ್ರಿಟನ್ನಿನ ಜಾಹೀರಾತುದಾರರ ಸಂಘ ಇಸ್ಬಾ 2020ರಲ್ಲಿ ಲೆಕ್ಕಪರಿಶೋಧನಾ ಸಂಸ್ಥೆ ಪಿಡಬ್ಲ್ಯುಸಿಯಿಂದ ಲೆಕ್ಕ ಹಾಕಿಸಿದಾಗ ಜಾಹೀರಾತುದಾರ ಕೊಟ್ಟ ಹಣದಲ್ಲಿ ಪ್ರಕಾಶಕರನ್ನು ತಲುಪಿದ್ದು ಅರ್ಧದಷ್ಟು. ಶೇ. 15 ಎಲ್ಲಿ ಹೋಯಿತೆಂದು ಲೆಕ್ಕಿಗರಿಗೂ ಹೇಳಲಾಗಲಿಲ್ಲ. ಎಎನ್‌ಎ ವರದಿಯ ಪ್ರಕಾರ ಸರಾಸರಿ ಒಂದು ಪ್ರಚಾರದ ಜಾಹೀರಾತುಗಳು 44,000 ಸೈಟುಗಳಲ್ಲಿ ಹರಡಿಹೋಗಿದ್ದವು. ಜಾಹೀರಾತು ಕೊಟ್ಟವನಿಗೆ ನಿಮ್ಮ ಹೆಸರು ಗೊತ್ತಿಲ್ಲ, ನೀವು ಬರೆದದ್ದು ಚೆನ್ನಾಗಿದೆಯೋ ಇಲ್ಲವೋ ಎಂಬುದು ಅವನ ಗಮನಕ್ಕೇ ಬರುವುದಿಲ್ಲ. ಚೆನ್ನಾಗಿ ಬರೆದದ್ದಕ್ಕೆ ಅವನು ಹೆಚ್ಚು ಕೊಡಲಿ ಎಂದು ನಿರೀಕ್ಷಿಸುವುದಾದರೂ ಹೇಗೆ? 2025ರ ಏಪ್ರಿಲ್ 17ರಂದು ಅಮೆರಿಕದ ವರ್ಜೀನಿಯಾದ ಫೆಡರಲ್ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ, ಪ್ರಕಾಶಕರು ಬಳಸುವ ಜಾಹೀರಾತು ಸರ್ವರ್ ಮತ್ತು ಹರಾಜುಕಟ್ಟೆ ಎರಡರಲ್ಲೂ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆ ಎಂದು ತೀರ್ಪಿತ್ತರು. ಹರಾಜುಕಟ್ಟೆಯೂ ಗೂಗಲ್‌ನವರದೇ, ಕೂಗುವವರ ದಲ್ಲಾಳಿಯೂ ಅವರೇ, ಮಾರುವವರ ದಲ್ಲಾಳಿಯೂ ಅವರೇ ಆಗಿರುವಲ್ಲಿ ಸ್ಲಾಟನ್ನು ಎರಡು ಇಂಚು ಮೇಲೆ ಸರಿಸಿದರೆ ಬದುಕು ಬದಲಾಗುತ್ತದೆ ಎಂದು ನಂಬಿಸುವುದು ದೊಡ್ಡ ಅನ್ಯಾಯ.

ಓದುಗರ ಹೆಜ್ಜೆಗುರುತು ಹಿಡಿದು ಹಾಕುವ ಜಾಹೀರಾತೇ ಹೆಚ್ಚು ಹಣ ತರುತ್ತದೆ, ಆದ್ದರಿಂದ ಎಲ್ಲ ಟ್ರ್ಯಾಕರ್‌ಗಳಿಗೂ ಬಾಗಿಲು ತೆರೆಯಿರಿ ಎಂಬ ಮಾತೂ ಈ ಉಪದೇಶದ ಭಾಗ. ಮರೋಟಾ, ಅಭಿಷೇಕ್, ಅಕ್ವಿಸ್ಟಿ ಎಂಬ ಮೂವರು ಸಂಶೋಧಕರು 2019ರಲ್ಲಿ ಮಂಡಿಸಿದ ಅಧ್ಯಯನದಲ್ಲಿ ಓದುಗರನ್ನು ಗುರುತಿಸುವ ಕುಕೀ ಇದ್ದಾಗ ಪ್ರಕಾಶಕರಿಗೆ ಸಿಕ್ಕ ಹೆಚ್ಚುವರಿ ಸುಮಾರು ಶೇ. 4 ಮಾತ್ರ. ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಒ 2020ರಲ್ಲಿ ಹಿಂಬಾಲಿಸುವ ಜಾಹೀರಾತನ್ನು ಕೈಬಿಟ್ಟು ಪುಟದ ವಿಷಯಕ್ಕೆ ಹೊಂದುವ ಜಾಹೀರಾತನ್ನಷ್ಟೇ ಹಾಕಿತು. ಗಳಿಕೆ ಬೀಳುವ ಬದಲು ಏರಿತು. ಸಾಫ್ಟ್‌ವೇರ್ ಕೈಪಿಡಿಗಳನ್ನು ಪುಕ್ಕಟೆಯಾಗಿ ಒದಗಿಸುವ ರೀಡ್ ದ ಡಾಕ್ಸ್ ಎಂಬ ತಾಣ ಪುಟಕ್ಕೆ ಒಂದೇ ಒಂದು ಜಾಹೀರಾತು ಹಾಕುತ್ತದೆ, ಓದುಗರನ್ನು ಹಿಂಬಾಲಿಸುವುದಿಲ್ಲ. ಅದೇ ಪದ್ಧತಿಯ ಎಥಿಕಲ್ ಆಡ್ಸ್ ಜಾಲ ಕಟ್ಟಿ, ಸೇರಿದ ಸೈಟುಗಳಿಗೆ ಶೇ. 70 ಪಾಲು ಕೊಡುತ್ತದೆ. ಅಲ್ಲಿಗೆ ಬರುವ ಓದುಗರು ಪ್ರೋಗ್ರಾಮರ್‌ಗಳು ಎಂಬುದು ಎಲ್ಲರಿಗೂ ಗೊತ್ತಿರುವುದೇ ಅದರ ಬಂಡವಾಳ.

ಓದುಗರು ಯಾರೆಂದು ಹೇಳಿ ಜಾಹೀರಾತು ಮಾರುವುದು ಕನ್ನಡಕ್ಕೆ ಅಪರಿಚಿತವಲ್ಲ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಜಾಹೀರಾತನ್ನು ಹರಾಜಿನಲ್ಲಿ ಯಾರೂ ಮಾರಿದ್ದಲ್ಲ. ಸಂಪಾದಕರೋ ಪ್ರತಿನಿಧಿಗಳೋ ಅಂಗಡಿ, ಬ್ಯಾಂಕು, ಸಹಕಾರ ಸಂಘದ ಮೆಟ್ಟಿಲು ಹತ್ತಿ, ನಮ್ಮ ಸಂಚಿಕೆ ಯಾರ ಮನೆಗೆ ಹೋಗುತ್ತದೆ ಎಂದು ಹೇಳಿ ತಂದದ್ದು. ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆಯನ್ನು ನೋಡಿ. ರೈತರಿಗಾಗಿ, ರೈತರೇ ಹೆಚ್ಚಾಗಿ ಬರೆಯುವ ಮಾಸಿಕ. ತೋಟಗಾರರನ್ನು ತಲುಪಬೇಕಾದ ವ್ಯಾಪಾರಿಗೆ ಅದರ ಓದುಗರು ಯಾರೆಂದು ಯಾವ ಅಂಕಿಅಂಶವನ್ನೂ ತೋರಿಸಬೇಕಿಲ್ಲ. ಸಣ್ಣ ವೆಬ್‌ಸೈಟಿನ ಬಳಿ ಇರುವುದೂ ಇಂಥದೇ ಆಸ್ತಿ. ನಿಮ್ಮದು ಕಾಳುಮೆಣಸಿನ ಬಗ್ಗೆ ಬರೆಯುವ ಸೈಟು ಎನ್ನಿ. ತಿಂಗಳಿಗೆ ಎರಡು ಸಾವಿರ ಜನ ಓದುತ್ತಾರೆ, ಅವರಲ್ಲಿ ಹೆಚ್ಚಿನವರು ಶಿರಸಿ, ಸಿದ್ದಾಪುರ, ತೀರ್ಥಹಳ್ಳಿ, ಮಡಿಕೇರಿ ಕಡೆಯ ಬೆಳೆಗಾರರು. ಹರಾಜಿನ ಯಂತ್ರಕ್ಕೆ ಇವರು ಎರಡು ಸಾವಿರ ಅಗ್ಗದ ಕಣ್ಣುಜೋಡಿಗಳು. ಪಣಿಯೂರು ತಳಿಯ ಬಳ್ಳಿ ಮಾರುವ ನರ್ಸರಿಗೆ, ಮೆಣಸು ಬಿಡಿಸುವ ಯಂತ್ರ ಮಾರುವವನಿಗೆ, ಹಗುರ ಏಣಿ ಮಾಡುವ ಕಾರ್ಖಾನೆಗೆ ಈ ಎರಡು ಸಾವಿರ ಮಂದಿ ಊರೂರು ತಿರುಗಿದರೂ ಒಟ್ಟಿಗೆ ಸಿಗದ ಗಿರಾಕಿಗಳು. ಹತ್ತು ಜನ ಕೊಂಡರೆ ಅವರ ಜಾಹೀರಾತಿನ ಖರ್ಚು ಹುಟ್ಟುತ್ತದೆ. ಅಂಥವರೊಬ್ಬರು ತಿಂಗಳಿಗೆ ಮೂರು ಸಾವಿರ ಕೊಟ್ಟರೂ, ಮೇಲೆ ಲೆಕ್ಕ ಹಾಕಿದ ನಲವತ್ತು ಸಾವಿರ ಪುಟದ ಸೈಟಿನ ಆಡ್‌ಸೆನ್ಸ್ ಗಳಿಕೆಗಿಂತ ಅದು ಹೆಚ್ಚು.

ಮಾಡುವ ಕ್ರಮ ಹೀಗೆ. ಪುಟಕ್ಕೆ ಎರಡು ಜಾಗ ಸಾಕು. ಒಂದು ಲೇಖನ ಹಿಡಿತಕ್ಕೆ ಸಿಕ್ಕ ಮೇಲೆ, ಮೂರನೆಯ ಪ್ಯಾರಾದ ನಂತರ. ಇನ್ನೊಂದು ಲೇಖನ ಮುಗಿದಲ್ಲಿ. ಎರಡಕ್ಕೂ ಮೊದಲೇ ಎತ್ತರ ಗೊತ್ತುಮಾಡಿ ಜಾಗ ಕಾದಿರಿಸಬೇಕು, ಆಗ ಓದುವ ಸಾಲು ಜಿಗಿಯುವುದಿಲ್ಲ. ಮೊಬೈಲಿನಲ್ಲಿ ಜಾಹೀರಾತು ಬರಹದ ಭಾಗದ ಶೇ. 30ಕ್ಕಿಂತ ಹೆಚ್ಚು ಎತ್ತರ ತಿಂದರೆ ಅದನ್ನು ಕೆಟ್ಟ ಅನುಭವವೆಂದು ಗುರುತಿಸುವ ಮಾನದಂಡವೊಂದಿದೆ. ಅದನ್ನು ಮತ್ತೆ ಮತ್ತೆ ಮೀರುವ ಸೈಟುಗಳ ಜಾಹೀರಾತನ್ನು ಕ್ರೋಮ್ 2019ರ ಜುಲೈಯಿಂದ ಜಗತ್ತಿನಾದ್ಯಂತ ತಡೆಹಿಡಿಯುತ್ತಿದೆ. ಎರಡೇ ಜಾಗವಿದ್ದರೆ ಈ ಭಯವಿಲ್ಲ. ಮೊದಲ ಜಾಗವನ್ನು ವಾರಕ್ಕೋ ತಿಂಗಳಿಗೋ ಒಬ್ಬರೇ ಪ್ರಾಯೋಜಕರಿಗೆ ಮಾರಿ, ಅವರ ಹೆಸರಿನ ಮೇಲೆ 'ಜಾಹೀರಾತು' ಎಂದು ಕಾಣುವಂತೆ ಬರೆಯಿರಿ, ಕೊಂಡಿಗೆ ಅದು ಪ್ರಾಯೋಜಿತ ಎಂಬ ಗುರುತು ಹಾಕಿ. ಸಾಲದ ಕಂಪನಿಯ ಕೊಂಡಿಯನ್ನು ಲೇಖನದೊಳಗೆ ಗುಟ್ಟಾಗಿ ಸೇರಿಸಿದರೆ ಸಾವಿರ ರೂಪಾಯಿ ಕೊಡುತ್ತೇವೆಂದು ಬರುವ ಮಿಂಚಂಚೆಗಳನ್ನು ನೇರ ಕಸಕ್ಕೆ ಹಾಕಿ. ಎರಡನೆಯ ಜಾಗಕ್ಕೆ ಆಡ್‌ಸೆನ್ಸ್ ಇರಲಿ, ನನ್ನ ತಕರಾರಿಲ್ಲ. ಪ್ರಾಯೋಜಕರು ಸಿಗದ ವಾರ ಮೊದಲ ಜಾಗಕ್ಕೂ ಅದೇ ಬರಲಿ.

ನಮಗೆ ಬರೆಯಲೇ ಹೊತ್ತಿಲ್ಲ, ಅಂಗಡಿ ಅಂಗಡಿ ಅಲೆಯುವುದು ಯಾರು ಎಂಬ ಆಕ್ಷೇಪ ಬರುತ್ತದೆ. ಇದು ಪ್ರಾಮಾಣಿಕ ಕಷ್ಟ, ಇದನ್ನು ಕಡೆಗಣಿಸಲಾರೆ. ವ್ಯಾಪಾರಿಗಳು ಮೊದಲ ಮಾತಿಗೇ ಒಪ್ಪುವುದಿಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪುಕ್ಕಟೆ ಹಾಕುತ್ತೇವಲ್ಲ ಎನ್ನುತ್ತಾರೆ. ಬರೆಯುವವರಿಗೆ ದುಡ್ಡು ಕೇಳಲು ಸಂಕೋಚ ಬೇರೆ. ಆದರೆ ಪ್ಲಗಿನ್ ಬದಲಿಸುವುದಕ್ಕೆ, ಸ್ಲಾಟಿನ ಬಣ್ಣ ತಿದ್ದುವುದಕ್ಕೆ, ರಾತ್ರಿ ಮಲಗುವ ಮುನ್ನ ಡ್ಯಾಷ್‌ಬೋರ್ಡ್ ನೋಡುವುದಕ್ಕೆ ಇದೇ ಜನ ಕಳೆಯುವ ಹೊತ್ತು ಕಡಿಮೆಯೇನಲ್ಲ. ಅದರಲ್ಲಿ ಅರ್ಧವನ್ನು ಹತ್ತು ವ್ಯಾಪಾರಿಗಳಿಗೆ ಪತ್ರ ಬರೆಯಲು ಬಳಸಿದರೆ ಒಬ್ಬರಾದರೂ ಮಾತಿಗೆ ಕೂರುತ್ತಾರೆ. ಪತ್ರದಲ್ಲಿ ಪುಟವೀಕ್ಷಣೆಯ ಸಂಖ್ಯೆಯನ್ನು ಮುಂದಿಡಬೇಡಿ, ಆ ಆಟದಲ್ಲಿ ಫೇಸ್‌ಬುಕ್ ಎದುರು ನಾವು ಸೋತವರೇ. ಓದುಗರು ಯಾವ ತಾಲ್ಲೂಕಿನವರು, ಏನು ಕೇಳಿ ಪತ್ರ ಬರೆಯುತ್ತಾರೆ, ಯಾವ ಲೇಖನ ಓದಿ ಫೋನ್ ಮಾಡಿದ್ದರು ಎಂಬುದನ್ನು ಹೇಳಿ. ಹಾಕಿದ ಜಾಹೀರಾತಿಗೆ ಪ್ರತ್ಯೇಕ ಫೋನ್ ನಂಬರೋ ರಿಯಾಯಿತಿಯ ಸಂಕೇತಪದವೋ ಕೊಟ್ಟರೆ ತಿಂಗಳ ಕೊನೆಗೆ ಎಷ್ಟು ಜನ ಬಂದರೆಂದು ಅವರೇ ಎಣಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು ಉಳಿದಿದೆ, ಕನ್ನಡದ ಮಾರುಕಟ್ಟೆಯೇ ಬಡವಾದದ್ದು ಎಂಬುದು. ಆಡ್‌ಸೆನ್ಸ್ ಹಿಂದಿಯನ್ನು 2014ರ ಕೊನೆಗೆ, ಬಂಗಾಳಿಯನ್ನು 2017ರಲ್ಲಿ, ತಮಿಳು ತೆಲುಗುಗಳನ್ನು 2018ರಲ್ಲಿ ಸೇರಿಸಿಕೊಂಡಿತು, ಕನ್ನಡ ಅವುಗಳ ಹಿಂದೆ ನಿಂತು ಕಾಯಬೇಕಾಯಿತು. ಆ ಕಾಯುವಿಕೆಯಲ್ಲಿ ಎಷ್ಟೋ ಮಂದಿ ಇಂಗ್ಲಿಷಿಗೆ ಹೊರಳಿದರು, ಇಲ್ಲವೇ ಬರೆಯುವುದನ್ನೇ ಬಿಟ್ಟರು. ಹರಾಜಿನಲ್ಲಿ ಕನ್ನಡದ ಪುಟಕ್ಕೆ ಇಂಗ್ಲಿಷ್ ಪುಟದಷ್ಟು ಬಿಡ್ ಬರುವುದಿಲ್ಲ ಎಂಬುದು ನಿಜ. ಅದನ್ನು ಕನ್ನಡ ಓದುವವರು ಏನೂ ಕೊಳ್ಳುವುದಿಲ್ಲ ಎಂದು ಓದುವುದು ತಪ್ಪು. ಹಾವೇರಿಯ ಬೀಜದಂಗಡಿ, ದಾವಣಗೆರೆಯ ಬಟ್ಟೆ ಅಂಗಡಿ, ಧಾರವಾಡದ ಸ್ಪರ್ಧಾತ್ಮಕ ಪರೀಕ್ಷೆಯ ತರಗತಿಗಳು ದಿನವೂ ವ್ಯಾಪಾರ ಮಾಡುವುದು ಕನ್ನಡದಲ್ಲೇ. ಇವರಲ್ಲಿ ಹೆಚ್ಚಿನವರು ಆ ಹರಾಜಿನ ಕಟ್ಟೆಗೆ ಬಂದೇ ಇಲ್ಲ.

ಮೊದಲು ಓದುಗರ ಸಂಖ್ಯೆ ಲಕ್ಷ ಮುಟ್ಟಲಿ, ಆಮೇಲೆ ನೋಡೋಣ ಎಂದು ಮುಂದೂಡುವವರಿಗೆ ಹೇಳುವುದಿಷ್ಟು. ಎರಡು ಸಾವಿರ ಬೆಳೆಗಾರರು ಓದುವ ಸೈಟು ಲಕ್ಷಕ್ಕೆ ಹಿಗ್ಗಬೇಕಾದರೆ ಅದು ಕಾಳುಮೆಣಸನ್ನು ಬಿಟ್ಟು ಬೇರೇನನ್ನೋ ಬರೆಯಬೇಕಾಗುತ್ತದೆ, ಆಗ ನರ್ಸರಿಯವನಿಗೆ ಅದರಲ್ಲಿ ಆಸಕ್ತಿ ಉಳಿಯುವುದಿಲ್ಲ. ಈಗಿರುವ ಓದುಗರೊಡನೆಯೇ ಶುರುಮಾಡಿ. ಬಳ್ಳಿ ನೆಡುವುದು ಮುಂಗಾರು ಹಿಡಿದ ಮೇಲೆ, ಆದರೆ ಬೆಳೆಗಾರರು ಗಿಡಕ್ಕೆ ಹೇಳಿಡುವುದು ಅದಕ್ಕೂ ಮುಂಚೆ. ನರ್ಸರಿಗೆ ಪತ್ರ ಬರೆಯಬೇಕಾದದ್ದು ಜೂನ್‌ನಲ್ಲಲ್ಲ, ಮಾರ್ಚ್ ಕೊನೆಯಲ್ಲಿ.